ಮಂದೆಗೆ ಸೇರದ ಕುರಿಗಳು

ಪಂಚಾಯ್ತಿ ಅಧ್ಯಕ್ಷರಾದ ಹನುಮಂತಪ್ಪನವರಿಗೆ,

ಗೊಲ್ಲರಹಟ್ಟಿಯ ಸದಸ್ಯೆ ಮುದ್ದಕ್ಕ ಮಾಡುವ ನಮಸ್ಕಾರ. ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ.

ಹಟ್ಟಿಗೆ ರಸ್ತೆ ಮಾಡಿಸುತ್ತೇನೆಂದು ನೀವು ಹೇಳಿದ್ದಕ್ಕೆ ಅಧ್ಯಕ್ಷರ ಚುನಾವಣೆಯಲ್ಲಿ ನಮ್ಮ ಪಕ್ಷದವರನ್ನು ಬಿಟ್ಟು ನಿಮಗೆ ಓಟು ಹಾಕಿದೆ. ಅದು ಗುಟ್ಟಾಗಿಯೇ ಇರುತ್ತಿತ್ತು. ಗೆದ್ದ ಸಂತೋಷದಲ್ಲಿ ನೀವು ಎಲ್ಲರೆದುರು ನನಗೆ ಶಾಲು ಹೊದಿಸಿದಿರಿ. ಅಂದಿನಿಂದ ಹಟ್ಟಿಯಲ್ಲಿ ನನ್ನೊಂದಿಗೆ ಯಾರದೂ ಮಾತಿಲ್ಲ.

ಮೇವು ಹುಡುಕಿಕೊಂಡು ಹಟ್ಟಿಯ ಕುರಿಗಳೆಲ್ಲ ಒಂದೇ ಮಂದೆಯಾಗಿ ವಲಸೆ ಹೋಗುವುದು ನಮ್ಮ ಪದ್ಧತಿ. ಈ ಸಲ ಮಂದೆ ನಡೆಸುವ ನನ್ನ ಮೈದುನ ಕಾಟಲಿಂಗಪ್ಪ, "ನಿನ್ ಕುರೀನ ಆ ಹನುಮಂತಪ್ಪನ ಹೊಲಕ್ಕೆ ಹೊಡ್ಕಂಡು ಹೋಗು ಅತ್ತಿಗೆಮ್ಮ, ಅಲ್ಲೈತೆ ನಿನ್ ಮಂದೆ" ಎಂದ. ಗಂಡನಿಲ್ಲದ ನಾನು ತೋಳದ ಸೀಮೆಯಲ್ಲಿ ಒಬ್ಬಳೇ ಕುರಿ ಕಾಯಲಾರೆ.

ಮೊನ್ನೆ ನೀವು, ನಾನು ಬಿಟ್ಟು ಬಂದ ಪಕ್ಷಕ್ಕೇ ಸೇರಿದಿರಂತೆ. ಕಾಟಲಿಂಗಪ್ಪನೇ ನಿಮಗೆ ಹಾರ ಹಾಕಿದನಂತೆ. ರಸ್ತೆಯ ಮಾತನ್ನು ಇನ್ನು ಎತ್ತುವುದಿಲ್ಲ.

ಶನಿವಾರ ಮಂದೆ ಹೊರಡುತ್ತದೆ. ಅಷ್ಟರೊಳಗೆ ಕಾಟಲಿಂಗಪ್ಪನಿಗೆ ಒಂದು ಮಾತು ಹೇಳಿ. ಇಲ್ಲದಿದ್ದರೆ ಕುರಿಗಳನ್ನು ಹಿರಿಯೂರು ಸಂತೆಯಲ್ಲಿ ಮಾರುವುದೇ ದಾರಿ. ನನ್ನೊಂದಿಗೆ ಮಾತಾಡುವುದು ಬೇಡ, ಕುರಿಗಳನ್ನಾದರೂ ಸೇರಿಸಿಕೊಳ್ಳಲಿ. ಅವು ಯಾರಿಗೂ ಓಟು ಹಾಕಿಲ್ಲ.

ಶಾಲನ್ನು ಮಗಳ ಕೈಯಲ್ಲಿ ವಾಪಸು ಕಳಿಸಿದ್ದೇನೆ.

ಇಂತಿ,
ಈಗ ಯಾವ ಪಕ್ಷದವಳೂ ಅಲ್ಲದ
ಮುದ್ದಕ್ಕ