ಆ ಓಟಿಪಿ ನನಗೆ ಹೇಳಬೇಡಿ

ಚಿಂಚಲಿಯ ಕಾಡಸಿದ್ದ ಕಾಕಾ ಅವರಿಗೆ, ಉಗಾರ ಬುದ್ರುಕದಿಂದ ದೀಪಾಲಿಯ ನಮಸ್ಕಾರಗಳು.

ಫೋನಿನಲ್ಲಿ ಓಟಿಪಿ ಕೇಳಿದ ಹುಡುಗಿ ನಾನೇ. "ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಹೇಳತಾರ, ಫೋನ್ ಇಡ ಬೇ" ಎಂದು ಬೈದಿರಿ. ಬೈದದ್ದು ಸರಿಯೇ. ಆಮೇಲೆ ನೀವು ಫೋನ್ ಎತ್ತಲಿಲ್ಲ, ಅದಕ್ಕೇ ಮೊದಲು ಫೋನ್ ಎತ್ತಿದಾಗ ನೀವೇ ಹೇಳಿದ ಹೆಸರು, ಊರಿಗೆ ಈ ಪತ್ರ.

ವರ ಹುಡುಕುವ ವೆಬ್‌ಸೈಟಿನಲ್ಲಿ ನನ್ನ ಹೆಸರು ಹಾಕುವಾಗ ಅಪ್ಪ, ಸ್ವಂತ ನಂಬರ್ ಯಾರ್ಯಾರ ಕೈಗೋ ಸಿಗುತ್ತದೆಂದು ಹೆದರಿ, ಹಳೇ ಸಿಮ್ಮಿನ ನಂಬರ್ ಕೊಟ್ಟರು. ಆ ಸಿಮ್ ಬಂದ್ ಆಗಿ, ಅದೇ ನಂಬರ್ ಈಗ ನಿಮಗೆ ಬಂದಿದೆ. ಗಂಡಿನ ಕಡೆಯವರ ಫೋನುಗಳೂ ನಿಮಗೇ! "ಆಡ ಕುರಿ ಬಿಟ್ರ ನಮ್ಮ ಮನ್ಯಾಗ ಹೆಣ್ಣ ಇಲ್ಲಂತ ಹೇಳಿ ಹೇಳಿ ಸಾಕಾಗೈತಿ" ಎಂದಿರಿ. ಅಳುತ್ತಲೇ ನಕ್ಕುಬಿಟ್ಟೆ.

ಕಾಕಾ, ನನಗೆ ಮದುವೆಯಾಗಿದೆ! ವಿಶಾಲ್‌ನಂಥ ಗಂಡ ಇನ್ಯಾರಿಗೂ ಇಲ್ಲ. ಆದರೆ ನನ್ನ ನೆಗೆಣ್ಣಿ, ವಿಶಾಲ್ ಅವರ ಅಣ್ಣನ ಹೆಂಡತಿ, ತನ್ನ ತಮ್ಮನಿಗೆ ಹೆಣ್ಣು ಹುಡುಕಲು ಅದೇ ವೆಬ್‌ಸೈಟ್ ಸೇರಿದ್ದಾಳೆ. ಅಲ್ಲಿ ಇನ್ನೂ ನನ್ನ ಫೋಟೋ ಇದೆ, ಕೆಳಗೆ 'ವರ ಬೇಕಾಗಿದ್ದಾನೆ' ಎಂದಿದೆ. ವಿಶಾಲ್ ಕೇಳಿ ನಕ್ಕರು. ನೆಗೆಣ್ಣಿ ನೋಡಿ ಅತ್ತೆಗೆ ಹೇಳಿದರೆ ಅತ್ತೆ ನಗುವುದಿಲ್ಲ. ನಿಮಗೆ ಬರುವ ಓಟಿಪಿ ಇಲ್ಲದೆ ಅದನ್ನು ಅಳಿಸಲಾಗುತ್ತಿಲ್ಲ. ನನಗೆ ಅನ್ನ ಸೇರುತ್ತಿಲ್ಲ.

ನಂಬಿಕೆಗೆಂದು ನಮ್ಮ ಲಗ್ನಪತ್ರಿಕೆ ಇಟ್ಟಿದ್ದೇನೆ. ಸೋಮವಾರ ನಾವಿಬ್ಬರೂ ನಿಮ್ಮ ಮನೆಗೆ ಬರುತ್ತೇವೆ. ಓಟಿಪಿ ನನಗೆ ಹೇಳಲೇಬೇಡಿ. ನನ್ನ ಫೋನನ್ನೇ ನಿಮ್ಮ ಕೈಗೆ ಕೊಡುತ್ತೇನೆ. ನೀವೇ ಒತ್ತಿ, ನೀವೇ ನನ್ನನ್ನು ಅಲ್ಲಿಂದ ಅಳಿಸಿಬಿಡಿ. ದಯವಿಟ್ಟು ಬಾಗಿಲು ತೆಗೆಯಿರಿ.

ಅಲ್ಲಿಯವರೆಗೆ ಯಾರಾದರೂ ಫೋನ್ ಮಾಡಿದರೆ, ಹುಡುಗಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಹೇಳಿ.

ನಿಮ್ಮ ಮಗಳಂಥವಳು,
ದೀಪಾಲಿ