ಜೋಕಾಲಿಯ ಮೇಲೆ ಹೇಳಿದ ಹೆಸರು

ದಾಂಡೇಲಿ
ತಾ. ೨-೮-೧೯೬೮, ಶುಕ್ರವಾರ

ನನ್ನವರಿಗೆ ಶಂಕ್ರೆವ್ವ ಮಾಡುವ ಶರಣು.

ಇಲ್ಲಿ ಎಲ್ಲರೂ ಸುಖವಾಗಿದ್ದೇವೆ. ನಿಮ್ಮ ಕೆಮ್ಮು ಹೇಗಿದೆ? ಹೋದ ಪತ್ರದಲ್ಲಿ ಬಾಯ್ಲರಿನ ಹೊಗೆಗೆ ಕೆಮ್ಮು ಹತ್ತಿದೆ ಎಂದು ಬರೆದವರು ಮುಂದಿನ ಸಾಲಿನಲ್ಲೇ ಸಮುದ್ರದ ಬಣ್ಣದ ವರ್ಣನೆಗೆ ಇಳಿದಿರಿ. ಕೆಮ್ಮು ನಿಂತಿತೋ ಇಲ್ಲವೋ ಗೊತ್ತಿಲ್ಲದೆ ನಾನು ಆ ಬಣ್ಣ ಇಟ್ಟುಕೊಂಡು ಏನು ಮಾಡಲಿ? ಅಲ್ಲಿ ಒಣಶುಂಠಿ ಸಿಗುತ್ತದೆಯೇ? ಸಿಕ್ಕರೆ ಬೆಲ್ಲದ ಜೊತೆ ಕುದಿಸಿ ಕುಡಿಯಿರಿ. ಸಕ್ಕರೆ ಕಾರ್ಖಾನೆಯಲ್ಲೇ ಇದ್ದೀರಿ, ಸಿಹಿಗೇನೂ ಬರವಿರಲಾರದು. ಇನ್ನೊಂದು ಮಾತು. ಕಾಗದದ ಕಾರ್ಖಾನೆಯ ಊರಿನಲ್ಲಿರುವ ಹೆಂಡತಿಗೆ ನೀವು ಬರೆಯುವುದು ಅಂಗೈಯಷ್ಟು ಕಾಗದ. ಓದಲು ಕೂತರೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿದುಹೋಗುತ್ತದೆ.

ಮಾವನವರ ಮೊಣಕಾಲು ಮಳೆ ಹಿಡಿದಾಗ ಸ್ವಲ್ಪ ನೋಯುತ್ತದೆ, ಆದರೂ ಕಾರ್ಖಾನೆಯ ಬಿದಿರಿನ ಯಾರ್ಡಿನ ಕೆಲಸ ಒಂದು ದಿನವೂ ತಪ್ಪಿಸಿಲ್ಲ. ಪಂಚಮಿಗೆಂದು ನಿಮ್ಮ ತಂಗಿ ಮಾಲವ್ವ ಹಳಿಯಾಳದಿಂದ ಬಂದಿದ್ದಾಳೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಲ್ಲ ಆದವು. ನಿಮ್ಮ ಪಾಲಿನ ಎಳ್ಳುಂಡಿಯನ್ನು ಅತ್ತೆಯವರು ಡಬ್ಬಿಯಲ್ಲಿ ತೆಗೆದಿಟ್ಟಿದ್ದರು. ಇರುವೆ ಹತ್ತುವ ಮೊದಲು ಮಾಲವ್ವನೂ ನಾನೂ ಅದನ್ನು ಮುಗಿಸಿದೆವು. ನಿಮ್ಮ ಹೆಸರು ಹೇಳಿಯೇ ತಿಂದೆವು, ಬೇಜಾರಾಗಬೇಡಿ.

ಈಗ ನಿಮ್ಮ ಪತ್ರದ ಮಾತು. ಕಂಪನಿಯವರು ಇನ್ನೂ ಮೂರು ವರ್ಷ ಮಾರಿಷಸ್ಸಿನಲ್ಲೇ ಇರಲು ಹೇಳಿದ್ದಾರೆ, ಮನೆ ಕೊಡುತ್ತಾರೆ, ಹೆಂಡತಿಯನ್ನು ಕರೆಸಿಕೊಳ್ಳಬಹುದು. ಅವ್ವ ಹೂಂ ಅಂದರೆ ಒಪ್ಪುತ್ತೇನೆ, ಇಲ್ಲದಿದ್ದರೆ ದಸರೆಯ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀರಿ. ಸಮುದ್ರದ ಆಚೆ ಕೂತು ಹೀಗೆ ಬರೆಯುವುದು ಸುಲಭ. ಪತ್ರವನ್ನು ಅತ್ತೆಯವರಿಗೆ ಓದಿ ಹೇಳುವವಳು ನಾನು. ಓದುವಾಗ ನನ್ನ ದನಿ ಎಲ್ಲಿ ಆಸೆ ತೋರಿಸಿಬಿಡುತ್ತದೋ ಎಂದು ಆ ಸಾಲನ್ನು ಗಡಗಡನೆ ಓದಿ ಮುಗಿಸಿದೆ.

ನಿಮ್ಮಲ್ಲಿ ಮುಚ್ಚಿಡುವುದೇನಿದೆ, ನನಗೆ ಬರಬೇಕು ಅನ್ನಿಸಿದೆ. ಮದುವೆಯಾದಾಗಿನಿಂದ ಆ ಬಾಯ್ಲರು ಕೂಡಿಸುವ ಕಂಪನಿಯವರು ನಿಮ್ಮನ್ನು ಒಂದು ಊರಿನಲ್ಲಿ ನಿಲ್ಲಗೊಟ್ಟಿಲ್ಲ. ಇವತ್ತು ಕೊಲ್ಹಾಪುರದ ಬಾಯ್ಲರು, ನಾಳೆ ಮೀರತ್ತಿನದು, ಮತ್ತೊಮ್ಮೆ ಹೆಸರು ಹೇಳಲು ಬಾರದ ಯಾವುದೋ ಊರಿನದು. ಮನೆಗೆ ಬಂದರೆ ಹೋಳಿಗೆ ಮಾಡುವಷ್ಟರಲ್ಲಿ ತಂತಿ ಬರುತ್ತಿತ್ತು. ದೇಶ ದೊಡ್ಡದೆಂದು ಎಲ್ಲರೂ ಹೆಮ್ಮೆಪಡುತ್ತಾರೆ, ನಾನೂ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಹಾಗೆಯೇ ಬರೆದು ಪಾಸಾದವಳು. ಆದರೆ ಗಂಡ ಕಳೆದುಹೋಗುವಷ್ಟು ದೊಡ್ಡ ದೇಶ ಕಟ್ಟಿಕೊಂಡು ಹೆಂಡತಿಗೇನು ಲಾಭ? ನೀವಿರುವ ದೇಶದಲ್ಲಿ ಬಸ್ಸು ಒಂದು ಸಮುದ್ರದಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು ಸಮುದ್ರ ಮುಟ್ಟುತ್ತದೆ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಅಲ್ಲಿ ಕಂಪನಿಯವರು ಬೆಳಿಗ್ಗೆ ಯಾವ ಮೂಲೆಗೆ ಕಳಿಸಿದರೂ ನೀವು ಸಂಜೆಗೆ ಮನೆಗೆ ಬರಲೇಬೇಕು. ಅದಕ್ಕಿಂತ ಆಚೆ ಕಳಿಸಲು ಅವರಿಗೆ ಭೂಮಿಯೇ ಇಲ್ಲ.

ಅತ್ತೆಯವರ ಲೆಕ್ಕವೇ ಬೇರೆ. ನಮ್ಮ ಕಾಳಿ ಹೊಳೆಯ ನಡುಗಡ್ಡೆಯೊಂದೇ ಅವರು ಕಂಡ ದ್ವೀಪ. ಈ ಸಲದ ಮಳೆಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿದೆ, ನಡುಗಡ್ಡೆಯ ಗಿಡಗಳ ತುದಿ ಮಾತ್ರ ಕಾಣುತ್ತಿದೆ. ದಿನಾ ದಂಡೆಗೆ ಹೋಗಿ ಅದನ್ನು ನೋಡಿಕೊಂಡು ಬರುತ್ತಾರೆ. ನೀರು ಏರಿದ ದಿನ ಅನ್ನ ಸೇರುವುದಿಲ್ಲ. "ಆಜೂಬಾಜೂ ನೀರು, ನಡಬರಕ ನನ್ನ ಮಗ. ಇನ್ನ ನಿನ್ನೂ ಅಲ್ಲೇ ಕಳಸಲೇನ?" ಎಂದು ಕೇಳಿದರು. ಅದು ಹೊಳೆಯ ಗಡ್ಡೆಯಲ್ಲ, ಗುಡ್ಡಗಳಿರುವ, ಈ ಮಾರ್ಚಿನಲ್ಲಿ ತನ್ನದೇ ಬಾವುಟ ಏರಿಸಿದ ದೇಶ ಎಂದು ತಿಳಿಸಿ ಹೇಳಿದೆ. ಎಷ್ಟು ದೊಡ್ಡದು ಎಂದರು. ಬುಟ್ಟಿಯಿಂದ ಒಂದು ಜೋಳದ ರೊಟ್ಟಿ ತೆಗೆದು ಇದು ನಮ್ಮ ದೇಶ ಎಂದೆ, ಅದರ ಪಕ್ಕ ಒಂದು ತೊಗರಿಬೇಳೆ ಇಟ್ಟು ಇದು ಅವರಿರುವ ದೇಶ ಎಂದೆ. ಧೈರ್ಯ ಹೇಳಲು ಹೋಗಿ ಕೆಲಸ ಕೆಡಿಸಿದೆ. ಅತ್ತೆಯವರು ಆ ಬೇಳೆಯನ್ನೇ ನೋಡುತ್ತ ಕೂತರು. ಆಮೇಲೆ ಅದನ್ನೆತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಂದಿನಿಂದ ಸೀರೆ ಬದಲಿಸಿದಾಗಲೆಲ್ಲ ಬೇಳೆಯೂ ಹೊಸ ಸೆರಗಿಗೆ ಬದಲಾಗುತ್ತದೆ.

ಶಿವರಾತ್ರಿಗೆ ಅಲ್ಲಿಯ ಜನ ಬಿಳಿ ಬಟ್ಟೆ ಉಟ್ಟು ಗುಡ್ಡದ ಮೇಲಿನ ಕೆರೆಗೆ ನಡೆದುಹೋಗಿ ನೀರು ತಂದು ಶಿವನಿಗೆ ಎರೆಯುತ್ತಾರೆ ಎಂದು ನೀವು ಬರೆದದ್ದನ್ನು ಓದಿದಾಗ ಮಾತ್ರ ಅತ್ತೆಯವರ ಮುಖ ಸ್ವಲ್ಪ ಅರಳಿತು. ಮಾವನವರು ಪಕ್ಕದಿಂದ, ಆ ಬೇಳೆಯಷ್ಟು ದೇಶದಲ್ಲಿ ಭೋಜಪುರಿ, ತಮಿಳು, ಮರಾಠಿ ಎಲ್ಲ ಇವೆಯಂತಲ್ಲ ಎಂದು ಅಚ್ಚರಿಪಟ್ಟರು. ಇದರಲ್ಲಿ ಅಚ್ಚರಿಯೇನು, ಜೋಯಿಡಾಕ್ಕೆ ಹೋದರೆ ಕೊಂಕಣಿ, ಹಳಿಯಾಳದ ಸಂತೆಯಲ್ಲಿ ಮರಾಠಿ, ಮುಂಡಗೋಡದಲ್ಲಿ ಈಗ ಟಿಬೇಟಿನವರೂ ಬಂದು ಹೊಲ ಮಾಡುತ್ತಿದ್ದಾರೆ ಎಂದೆ. ದೇಶ ದೊಡ್ಡದಿರಲಿ ಚಿಕ್ಕದಿರಲಿ, ಪಕ್ಕದ ಮನೆಯವರ ಮಾತು ಕಲಿಯದೆ ಉಪ್ಪು ಸಾಲ ಸಿಗುವುದಿಲ್ಲ. ಅಲ್ಲಿಯ ಮಾತು ನಾಲ್ಕಾದರೂ ಬರೆದು ಕಳಿಸಿರಿ ಎಂದು ಕೇಳಬೇಕೆಂದಿದ್ದೆ. ಈಗ ಕೇಳಲು ಮನಸ್ಸಾಗುತ್ತಿಲ್ಲ. ಯಾಕೆಂದು ಹೇಳುತ್ತೇನೆ.

ಪಂಚಮಿಯ ದಿನ ಹಿತ್ತಲಿನ ಮಾವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದೆವು. ಓಣಿಯ ಹೆಂಗಸರೆಲ್ಲ ಸೇರಿದ್ದರು. ನನ್ನನ್ನು ಕೂಡಿಸಿ, ಮೇಲಕ್ಕೆ ಎಳೆದುಕೊಂಡು ಹೋಗಿ ಹಗ್ಗ ಹಿಡಿದು ನಿಲ್ಲಿಸಿದರು. ಒಡಪು ಕಟ್ಟಿ ಗಂಡನ ಹೆಸರು ಹೇಳಿದರೇ ಬಿಡುವುದು. ನಿಮಗೆ ಗೊತ್ತಲ್ಲ, ಲಕೋಟೆಯ ಮೇಲೆ ನಿಮ್ಮ ಹೆಸರು ಬರೆಯುವಾಗಲೂ ನಾನು ಆಚೆ ಈಚೆ ನೋಡುವವಳು. ಪಕ್ಕದ ಮನೆಯ ಶಿವಗಂಗವ್ವ ಬಿಡಲಿಲ್ಲ. ಹಳೆಯದು ಬೇಡ, ಹೊಸದೇ ಆಗಬೇಕು ಎಂದು ಹಟ ಹಿಡಿದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ:

"ಇಷ್ಟ ದೊಡ್ಡ ದೇಶದಾಗ ನನಗಂತ ಯಾರೂ ಇಲ್ಲ,
ಹಿಡಿಯಷ್ಟು ದೇಶದಾಗ ಮಹಾಂತಪ್ಪ ಅದಾರಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು, ಜೋಕಾಲಿ ಬಿಟ್ಟರು. ಇಳಿದು ಬರುವಾಗ ಬಾಗಿಲಲ್ಲಿ ಉಂಡಿಯ ತಾಟು ಹಿಡಿದು ನಿಂತಿದ್ದ ಅತ್ತೆಯವರನ್ನು ಕಂಡೆ. ತಾಟನ್ನು ಮಾಲವ್ವನ ಕೈಗೆ ಕೊಟ್ಟು ಒಳಗೆ ಹೋದರು. ಸಂಜೆ ನಾನು ರೊಟ್ಟಿ ಬಡಿಯುವಾಗ ಹಿಂದೆ ಬಂದು, "ಯಾರೂ ಇಲ್ಲ ಅಂದಿ. ಹಂಗಾರ ನಾ ಯಾರವಾ ನಿನಗ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕಣ್ಣೀರು ಹಿಟ್ಟಿಗೇ ಬಿತ್ತು. ನನಗೆ ಜ್ವರ ಬಂದಾಗ ಇಡೀ ರಾತ್ರಿ ಕಾಲು ತಿಕ್ಕಿದ ಹೆಂಗಸು ಅವರು. ಒಡಪಿಗೆ ಪ್ರಾಸ ಕೂಡಿತೆಂದು ಅವರನ್ನೇ ಮರೆತೆನಲ್ಲ. ಅಂದಿನಿಂದ ಮಾತು ಕಡಿಮೆ. ಉಣ್ಣು ಅನ್ನುತ್ತಾರೆ, ಮಲಗು ಅನ್ನುತ್ತಾರೆ, ಅಷ್ಟೇ.

ಆದ್ದರಿಂದ ನೀವು ದಸರೆಗೆ ಬಂದುಬಿಡಿ. ಇನ್ನು ಅಲ್ಲಿಗೆ ಬರುವ ಮಾತನ್ನು ನಾನು ಎತ್ತಲಾರೆ. ಇದಕ್ಕಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಾವನವರ ಜೊತೆ ಹರಟೆ ಇದೆ, ಅತ್ತೆಯವರ ಸಿಟ್ಟು ಬಹಳ ದಿನ ಬಾಳುವುದಿಲ್ಲ, ನಾನು ಇಲ್ಲಿ ಸುಖವಾಗಿಯೇ ಇದ್ದೇನೆ. ಕಂಪನಿಯವರು ನಿಮ್ಮನ್ನು ಮತ್ತೆ ಮೀರತ್ತಿಗೆ ಕಳಿಸಿದರೆ ಅಲ್ಲಿಂದಲಾದರೂ ದೊಡ್ಡ ಕಾಗದದ ಮೇಲೆ ಬರೆಯಿರಿ.

ಅತ್ತೆ ಮಾವನವರ ಆಶೀರ್ವಾದ ಈ ಪತ್ರದೊಳಗೇ ಇದೆ. ಮಾಲವ್ವ, ಬರುವಾಗ ಅಣ್ಣ ಕವಡೆ ತರಲಿ ಎಂದಿದ್ದಾಳೆ. ಬೆಚ್ಚಗೆ ಇರಿ, ಹೊತ್ತಿಗೆ ಸರಿಯಾಗಿ ಉಣ್ಣಿರಿ.

ಇಂತು ನಿಮ್ಮ
ಶಂಕ್ರೆವ್ವ

ತಡೆಯಿರಿ, ಲಕೋಟೆ ಅಂಟಿಸಿಲ್ಲ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡಿ. ಈಗಷ್ಟೇ ಮಾಲವ್ವ ಜೋಕಾಲಿಯ ಹಗ್ಗ ಬಿಚ್ಚಲು ಹೋದಳು. ಅತ್ತೆಯವರು ಹಿಂದೆಯೇ ಹೋಗಿ, "ಬಿಚ್ಚಬ್ಯಾಡ, ನಾ ಒಮ್ಮಿ ಕೂಡ್ತೇನಿ" ಎಂದರು. ಈ ವಯಸ್ಸಿನಲ್ಲಿ! ಕಚ್ಚೆ ಬಿಗಿದು ಕೂತೇಬಿಟ್ಟರು. ಮಾಲವ್ವ ತಮಾಷೆಗೆ ಹಗ್ಗ ಹಿಡಿದು ನಿಲ್ಲಿಸಿದಳು. ಹಿಂದೆ ಎಂದೂ ಮಾವನವರ ಹೆಸರು ಎತ್ತದ ಅತ್ತೆಯವರು ನನ್ನ ಕಡೆಗೇ ನೋಡುತ್ತ ಗಟ್ಟಿಯಾಗಿ ಹೇಳಿದರು:

"ಸುತ್ತ ನೀರಿನ ದೇಶದಾಗ ಮಗ, ಒಲಿ ಮುಂದ ಸೊಸಿ ಕಣ್ಣಾಗ ನೀರ,
ಶಿವಲಿಂಗಪ್ಪನವರ ಹೇಣ್ತಿ ನಾನು, ಸೊಸಿನ ಕಳಸ್ತೇನಿ, ಬ್ಯಾಡಂದವ್ರು ಯಾರ?"

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಾವನವರು ಹಚ್ಚುವುದನ್ನೇ ಮರೆತು ಕೂತರು. ಅತ್ತೆಯವರು ಇಳಿದು ಬಂದು ತಮ್ಮ ಸೆರಗಿನ ಗಂಟು ಬಿಚ್ಚಿ ಆ ತೊಗರಿಬೇಳೆಯನ್ನು ನನ್ನ ಸೆರಗಿಗೆ ಕಟ್ಟಿದರು. "ಇನ್ನ ಇದನ್ನ ನೀ ಜ್ವಾಕಿ ಮಾಡವಾ" ಎಂದರು.

ಕಂಪನಿಯವರಿಗೆ ಹೂಂ ಎಂದುಬಿಡಿ. ಒಣಶುಂಠಿ ಹುಡುಕಬೇಡಿ, ನಾನೇ ತರುತ್ತೇನೆ.