ಕರ್ನೂಲಿನಲ್ಲಿ ತುಂಬಿದ ಫಾರಂ

ರಾಯಚೂರು
೧೨ ಫೆಬ್ರವರಿ ೧೯೮೩

ಪ್ರೀತಿಯ ಗೋಪಕ್ಕನಿಗೆ ಶರಣಮ್ಮನ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಸಾರಿ. ಮಗು ತೆವಳುತ್ತಿದೆ ಎಂದು ಓದಿ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಹೇಳಿದೆ. ಇಲ್ಲಿ ಫಸ್ಟ್ ಇಯರಿನಿಂದಲೇ ಎಲ್ಲವೂ ಇಂಗ್ಲೀಷು. ಲೆಕ್ಚರರು ನನ್ನ ಕಡೆ ನೋಡಿದರೆ ಸಾಕು, ಸುಮ್ಮನೆ ಪುಸ್ತಕದ ಹಾಳೆ ತಿರುವುತ್ತೇನೆ. ಈ ಕಾಗದವನ್ನು ನೀನೊಬ್ಬಳೇ ಓದು, ಮಾವನ ಕೈಗೆ ಕೊಡಬೇಡ.

ಅಪ್ಪನ ಲೈಸೆನ್ಸ್ ರದ್ದಾಗಿ ನಾಲ್ಕು ವರ್ಷವಾಯಿತಲ್ಲ. ರಾಯಚೂರಿನಲ್ಲಿ ಮತ್ತೆ ಕೊಡುವುದಿಲ್ಲ, ಆಂಧ್ರದಲ್ಲಾದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮಾನ್ವಿಯ ಲಾರಿಯವರು ಹೇಳಿದ್ದರು. ಅದಕ್ಕೇ ಅಪ್ಪ ಎಂಟು ತಿಂಗಳಿಂದ ಕರ್ನೂಲಿನ ಯಂಕಮ್ಮತ್ತೆಯ ಮನೆಯಲ್ಲಿದ್ದು ಶೇಂಗಾ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದಾನೆ. ಲೈಸೆನ್ಸ್ ಸಿಕ್ಕರೆ ಅದೇ ಮಿಲ್ಲಿನ ಲಾರಿ ಅವನಿಗೆ. ಹೋದ ಸೋಮವಾರ ಫಾರಂ ತುಂಬಲು ನನ್ನನ್ನು ಕರೆಸಿದ.

ಫಾರಂ ಇಂಗ್ಲೀಷಿನಲ್ಲಿತ್ತು. ಹಿಂದೆ ಎಂದಾದರೂ ಲೈಸೆನ್ಸ್ ರದ್ದಾಗಿದೆಯೇ ಎಂಬ ಪ್ರಶ್ನೆ ಬಂತು. ಅಪ್ಪನಿಗೆ ಅದನ್ನು ಓದಿ ಹೇಳಲೇ ಇಲ್ಲ. ‘ನೋ’ ಎಂದು ಬರೆದೆ. ಕೆಳಗೆ ಅವನು ಒಂದೊಂದೇ ಅಕ್ಷರ ಕೂಡಿಸಿ ‘ತಾಯಣ್ಣ’ ಎಂದು ಸಹಿ ಮಾಡಿದ.

ಲೈಸೆನ್ಸ್ ಕೊಡುವ ಆಫೀಸಿನ ಸಾಹೇಬರು ಆದೋನಿಯವರು, ಕನ್ನಡ ಬರುತ್ತದೆ. ಜೀಪಿನ ಹಿಂದಿನ ಸೀಟಿನಲ್ಲಿ ನನ್ನನ್ನೂ ಕೂಡಿಸಿ ಅಪ್ಪನಿಗೆ ಓಡಿಸಲು ಹೇಳಿದರು. ನಾಲ್ಕು ವರ್ಷ ಸ್ಟೇರಿಂಗ್ ಮುಟ್ಟದ ಕೈ ಅದು, ಒಂದಿಷ್ಟೂ ನಡುಗಲಿಲ್ಲ. ಕೊಡ ಹೊತ್ತ ಮುದುಕಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಅಪ್ಪ ಇಂಜಿನ್ನನ್ನೇ ಬಂದ್ ಮಾಡಿ, ಅವಳು ಆ ಕಡೆ ಮುಟ್ಟುವ ತನಕ ಕಾದ.

“ಏನಪ್ಪಾ, ಸಂಜೆ ತನಕ ಇಲ್ಲೇ ಇರ್ತೀಯಾ?” ಎಂದು ಸಾಹೇಬರು ನಕ್ಕರು.

ವಾಪಸು ಬಂದು ಪೆನ್ನು ತೆಗೆದರು. ಸಹಿ ಹಾಕುವ ಮುಂಚೆ ಸುಮ್ಮನೆ ಕೇಳಿದರು. “ಹಿಂದೆ ರದ್ದಾಗಿಲ್ಲ, ಅಲ್ಲಾ?”

“ಆಗ್ಯಾದ್ರಿ,” ಎಂದ ಅಪ್ಪ. “ಮಲ್ಲಟದಾಗ ಕರೆಮ್ಮ ಅನ್ನಾಕಿ ಕಾಲು ಹೋತ್ರಿ ನನ್ನ ಲಾರಿಗಿ ಸಿಕ್ಕು. ಜೋರ್ ಬಿಟ್ಟಿದ್ದೆ. ತಪ್ಪು ನಂದ.”

“ಯಾಕೆ ಅಷ್ಟು ಜೋರು?”

“ಮನಿ ಕೆಲಸ ಇತ್ರಿ.”

“ಇಲ್ಲಿ ನೋ ಅಂತ ಐತಲ್ಲ. ಯಾರು ಬರೆದದ್ದು?”

ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. “ನಾನ ಬರಸೀನ್ರಿ. ಹುಡುಗಿ ನಾ ಹೇಳ್ದಂಗ ಬರದಾಳ.”

ಅವತ್ತು ಅಪ್ಪ ಹೇಳಿದ ಸುಳ್ಳು ಅದೊಂದೇ.

ಸಾಹೇಬರು ಪೆನ್ನು ಮುಚ್ಚಿಟ್ಟು, ಆ ಫಾರಂ ಹರಿದು ಹೊಸದೊಂದು ಕೊಟ್ಟರು. ರದ್ದತಿಯ ಅವಧಿ ಮುಗಿದಿದೆ ಎಂದು ರಾಯಚೂರಿನಿಂದ ಕಾಗದ ತಂದರೆ ನೋಡೋಣ ಎಂದರು. ಸಿಗುತ್ತದೋ ಇಲ್ಲವೋ. ಅಲ್ಲಿಯ ತನಕ ಅವನಿಗೆ ಅದೇ ಚೀಲ.

ಬಸ್‌ಸ್ಟ್ಯಾಂಡಿನಲ್ಲಿ ಈಗ ಬೈಯುತ್ತಾನೆ, ಆಗ ಬೈಯುತ್ತಾನೆ ಎಂದು ಕಾದೆ. “ನಿನ್ನ ಅಕ್ಷರ ಚಲೋ ಅದಾವ ಅಂದ್ರವ್ವಾ ಆ ಸಾಹೇಬ್ರು,” ಎಂದು ಬಾಳೆಹಣ್ಣು ಕೊಡಿಸಿದ. ಬಸ್ಸು ಹೊರಟಾಗ ಕಿಟಕಿಯಿಂದ ಅವನನ್ನೇ ನೋಡಿದೆ. ಇಷ್ಟು ದೊಡ್ಡ ಮನುಷ್ಯ ಇಷ್ಟು ವರ್ಷ ನಮ್ಮ ಮನೆಯಲ್ಲೇ ಉಂಡು ಮಲಗುತ್ತಿದ್ದನಲ್ಲ ಅಕ್ಕ.

ಮಗು ಎದ್ದು ನಿಲ್ಲುವ ಹೊತ್ತಿಗೆ ನಿಮ್ಮ ಜಾಲಹಳ್ಳಿಗೆ ಬರುತ್ತೇನೆ. ಅದಕ್ಕೆ ನಮ್ಮಪ್ಪನ ಗುಣ ಬರಲಿ.

ನಿನ್ನ ತಂಗಿ
ಶರಣಮ್ಮ

ಮತ್ತೊಂದು: ಮೇಲೆ ಬರೆಯಲಾಗದೆ ಬಿಟ್ಟದ್ದು. ಅವತ್ತು ಫಾರಂಗೆ ಅಂಟಿಸುವ ಫೋಟೋ ಹೊರಗೆ ತೆಗೆಯಲು ಅಪ್ಪ ಲೈಸೆನ್ಸಿನ ಹಳೆಯ ಕವರು ಬಿಚ್ಚಿದ. ಲೈಸೆನ್ಸ್ ಇದ್ದ ಜಾಗದಲ್ಲಿ ನನ್ನ ಪೋಸ್ಟ್ ಕಾರ್ಡು ಮಡಚಿಟ್ಟಿತ್ತು. ದೇವದುರ್ಗದ ಹಾಸ್ಟೆಲ್ಲಿನಿಂದ ನಾಲ್ಕು ವರ್ಷದ ಹಿಂದೆ ಬರೆದದ್ದು, ‘ಜ್ವರ ಬಂದು ಸಾಯುವ ಹಾಗಿದ್ದೇನೆ, ಬೇಗ ಬಾ’ ಎಂದು. ಅದನ್ನು ಯಾರಿಂದಲೋ ಓದಿಸಿಕೊಂಡೇ ಮಲ್ಲಟದಲ್ಲಿ ಅವತ್ತು ಲಾರಿ ಜೋರು ಬಿಟ್ಟದ್ದು ಎಂದು ಈಗ ತಿಳಿಯಿತು. ಮರುದಿನ ಪೊಲೀಸರು ಬಿಟ್ಟ ಮೇಲೆ ಹಾಸ್ಟೆಲ್ಲಿಗೆ ಬಂದು, ಹಣೆ ಮುಟ್ಟಿ, “ಜ್ವರ ಇಳದದ” ಎಂದಿದ್ದ.

ನನಗೆ ಜ್ವರವೇ ಬಂದಿರಲಿಲ್ಲ ಅಕ್ಕ. ಮನೆಗೆ ಹೋಗಬೇಕಿತ್ತು, ಅಷ್ಟೆ.